ಹಳೇ ಜೆಟ್ ಸ್ಕೀಯನ್ನು ನೀರಿಗಿಳಿಸದೆ ಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ಪುರವಣಿಯಲ್ಲಿ ಹಳೇ ಜೆಟ್ ಸ್ಕೀ ಕೊಳ್ಳುವುದರ ಬಗ್ಗೆ ಬಂದ ಲೇಖನ ಓದಿದೆ. ಜೆಟ್ ಸ್ಕೀ ಅಂದರೆ ಹಿಂದಕ್ಕೆ ನೀರು ಚಿಮ್ಮಿಸಿ ಓಡುವ, ಬೈಕಿನಂತೆ ಹತ್ತಿ ಕೂರುವ ನೀರಿನ ಗಾಡಿ. ಮೀಟರ್‌ನಲ್ಲಿ ಎಷ್ಟು ಗಂಟೆ ಓಡಿದೆ ನೋಡಿ, ಬಣ್ಣ ನೋಡಿ, ಒಂದು ಸಲ ಸ್ಟಾರ್ಟ್ ಮಾಡಿಸಿ ಸದ್ದು ಕೇಳಿ, ಅಷ್ಟು ಸಾಕು ಎಂದು ಬರೆದಿದ್ದಾರೆ. ಅಷ್ಟು ಸಾಲದು. ನಾನು ಸರಿಯಾಗಿ ಇಷ್ಟನ್ನೇ ನೋಡಿ ಒಂದು ಗಾಡಿ ಕೊಂಡಿದ್ದೆ. ಅದರಿಂದ ಏನಾಯಿತು ಅಂತ ಹೇಳಲೇಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ನಾನು 22 ವರ್ಷದಿಂದ ದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುತ್ತಿದ್ದೇನೆ. ಎಂಜಿನ್ ಸದ್ದು ಕೇಳಿದರೆ ಸಾಕು, ಏನಾಗಿದೆ ಅಂತ ಹೇಳಬಲ್ಲೆ ಎಂಬ ನಂಬಿಕೆ ಇತ್ತು. ಆ ಗಾಡಿಯನ್ನು ಮಾರುವವರು ಟ್ರೇಲರ್ ಮೇಲೆ ನಿಲ್ಲಿಸಿ, ಪೈಪಿನಲ್ಲಿ ನೀರು ಕೊಟ್ಟು ಸ್ಟಾರ್ಟ್ ಮಾಡಿ ತೋರಿಸಿದರು. ಸದ್ದು ಚೆನ್ನಾಗಿತ್ತು. ಹೊಗೆ ಇರಲಿಲ್ಲ. ಮೀಟರ್‌ನಲ್ಲಿ 86 ಗಂಟೆ. ಮೈಮೇಲೆ ಒಂದು ಗೀರೂ ಇರಲಿಲ್ಲ. ದುಡ್ಡು ಕೊಟ್ಟು ತಂದುಬಿಟ್ಟೆ.

ಮೊದಲ ಭಾನುವಾರ ಮಗಳನ್ನು ಹಿಂದೆ ಕೂರಿಸಿಕೊಂಡು ಹೋದೆ. ಅವಳಿಗೆ ಆಗ 14 ವರ್ಷ. ದಡದಿಂದ ಸುಮಾರು ಒಂದು ಕಿಲೋಮೀಟರ್ ಹೋಗಿದ್ದೆವು. ಗಾಡಿ ಯಾಕೋ ಭಾರವಾಯಿತು. ಆಕ್ಸಿಲರೇಟರ್ ಒತ್ತಿದರೂ ಮೂತಿ ಮೇಲೇಳುತ್ತದೆ, ಬಾಲ ಏಳುವುದೇ ಇಲ್ಲ. ಆಮೇಲೆ ಎಂಜಿನ್ ಒಂದೆರಡು ಸಲ ಮುಗ್ಗರಿಸಿ ನಿಂತುಹೋಯಿತು. ಸೀಟು ಎತ್ತಿ ನೋಡಿದರೆ ಒಳಗೆಲ್ಲ ನೀರು, ಬ್ಯಾಟರಿಯ ಬುಡದವರೆಗೂ. "ಅಪ್ಪಾ, ಮುಳುಗ್ತೀವಾ?" ಅಂತ ಮಗಳು ಕೇಳಿದಳು. ಇಬ್ಬರೂ ಲೈಫ್ ಜಾಕೆಟ್ ಹಾಕಿದ್ದೆವು, ನಿಜ. ಆದರೂ ಆ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ.

ಒಂದು ದೋಣಿಯವರು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ತುಂಬಾ ನಿಧಾನ ಹೋಗಿ ಅಂತ ಕೇಳಿಕೊಂಡೆ. ಜೋರಾಗಿ ಎಳೆದರೆ ತಣ್ಣಗಿಡುವ ಪೈಪಿನ ಮೂಲಕ ನೀರು ಸೈಲೆನ್ಸರ್‌ಗೆ ತುಂಬಿ, ಅಲ್ಲಿಂದ ಎಂಜಿನ್ನಿಗೂ ನುಗ್ಗುತ್ತದೆ. ಮನೆಗೆ ಬಂದು ಆ ರಾತ್ರಿಯೇ ಪ್ಲಗ್ ಬಿಚ್ಚಿ ನೀರು ಹೊರಹಾಕಿದೆ. ಆಯಿಲ್ ಬೆಳ್ಳಗೆ, ನೊರೆನೊರೆಯಾಗಿತ್ತು. ಮೂರು ಸಲ ಬದಲಿಸಿದ ಮೇಲೆ ಸರಿಯಾದ ಬಣ್ಣಕ್ಕೆ ಬಂತು. ಬೆಳಿಗ್ಗೆಗೆ ಬಿಟ್ಟಿದ್ದರೆ ಬೇರಿಂಗ್‌ಗಳಿಗೆ ತುಕ್ಕು ಹಿಡಿಯಲು ಶುರುವಾಗುತ್ತಿತ್ತು.

ತಪ್ಪು ಎಲ್ಲಿತ್ತು ಗೊತ್ತಾ? ಎಂಜಿನ್‌ನಿಂದ ನೀರು ಚಿಮ್ಮಿಸುವ ಹಿಂದಿನ ಪಂಪಿಗೆ ಹೋಗುವ ಶಾಫ್ಟ್ ದೋಣಿಯ ಒಡಲನ್ನು ದಾಟುವ ಜಾಗದಲ್ಲಿ ನೀರು ಒಳಬರದಂತೆ ತಡೆಯುವ ಒಂದು ರಬ್ಬರ್ ಬೆಲ್ಲೋಸ್ (ಮಡಿಕೆ ಮಡಿಕೆಯ ತೋಳು) ಇರುತ್ತದೆ. ಅದು ಒಣಗಿ, ಕ್ಲಾಂಪಿನ ಕೆಳಗೆ ಬಿರುಕು ಬಿಟ್ಟಿತ್ತು. ಬೆರಳಿನಿಂದ ಅಗಲಿಸಿದರೆ ಮಾತ್ರ ಕಾಣುವಷ್ಟು ಸಣ್ಣ ಬಿರುಕು. ಟ್ರೇಲರ್ ಮೇಲೆ ನಿಂತಾಗ ಹೊರಗಡೆ ನೀರೇ ಇರುವುದಿಲ್ಲ, ಒಳಗೆ ಹೇಗೆ ಸೋರುತ್ತದೆ? ಎಷ್ಟು ಹೊತ್ತು ಸ್ಟಾರ್ಟ್ ಮಾಡಿಟ್ಟರೂ ಅದು ಗೊತ್ತಾಗುತ್ತಿರಲಿಲ್ಲ. ಲೇಖನದ ಮೇಲೆ ನನ್ನ ತಕರಾರು ಇದೇ. ಈ ಗಾಡಿ ನೀರಿನಲ್ಲಿ ಓಡುವುದು. ನೀರಿನಲ್ಲೇ ನೋಡಬೇಕು.

ಇಲ್ಲಿ ಒಂದು ಮಾತು. ಜೆಟ್ ಸ್ಕೀ ಅನ್ನುವುದು ಕವಾಸಾಕಿ ಕಂಪನಿ 1970ರ ದಶಕದಲ್ಲಿ ತನ್ನ ಗಾಡಿಗೆ ಇಟ್ಟ ಹೆಸರು. ಸೀ-ಡೂ ಬೇರೆ ಕಂಪನಿಯದು, ಯಮಾಹಾದ ವೇವ್‌ರನ್ನರ್ ಬೇರೆ. ನಾವೆಲ್ಲ ಎಲ್ಲದಕ್ಕೂ ಜೆಟ್ ಸ್ಕೀ ಅಂತಲೇ ಹೇಳುತ್ತೇವೆ, ನಾನೂ ಹಾಗೇ ಬರೆಯುತ್ತಿದ್ದೇನೆ. ಈಗ ಹಳೇದಾಗಿ ಮಾರಾಟಕ್ಕೆ ಬರುತ್ತಿರುವ ಜೋರು ಗಾಡಿಗಳು ಅಂದರೆ 2004ರಲ್ಲಿ ಬಂದ 215 ಅಶ್ವಶಕ್ತಿಯ ಸೀ-ಡೂ ಆರ್‌ಎಕ್ಸ್‌ಪಿ, 2007ರ ಕವಾಸಾಕಿ ಅಲ್ಟ್ರಾ 250ಎಕ್ಸ್, 2008ರ ಯಮಾಹಾ ಎಫ್‌ಎಕ್ಸ್ ಎಸ್‌ಎಚ್‌ಒ, ಇಂಥವು. ಎಲ್ಲದರಲ್ಲೂ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಭಾಗ, ಇದೆ. ಒಳ್ಳೇ ಸ್ಥಿತಿಯಲ್ಲಿದ್ದರೆ ಗಂಟೆಗೆ 100 ಕಿ.ಮೀ. ದಾಟುತ್ತವೆ. ಸಾಧಾರಣ ಗಾಡಿಯಲ್ಲಿ ಸಣ್ಣದಾಗಿ ಉಳಿಯುವ ಸಮಸ್ಯೆ ಇವುಗಳಲ್ಲಿ ಆ ವೇಗದಲ್ಲೇ ಹೊರಬರುತ್ತದೆ. ಅದಕ್ಕೇ ಭಯ.

ಹೋದ ತಿಂಗಳು ನನ್ನ ಅಕ್ಕನ ಮಗ ಇಂಥದೇ ಒಂದು ಗಾಡಿ ನೋಡಿ ಬಂದು, "ಮಾಮ, ನೀವೂ ಬನ್ನಿ" ಅಂದ. ಹೋದೆವು. ನಾನು ಮೊದಲು ಮಾಡಿದ್ದು ಎಂಜಿನ್ ಮೇಲೆ ಕೈ ಇಟ್ಟಿದ್ದು. ಬಿಸಿ ಇತ್ತು. ನಾವು ಬರುವ ಮುಂಚೆಯೇ ಓಡಿಸಿಟ್ಟಿದ್ದರು. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದರಲ್ಲೇ ಅರ್ಧ ಕತೆ ಇರುತ್ತದೆ. ಕೊಳ್ಳಲು ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ, "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿಡಿ. ಯಾರೂ ಬೇಜಾರು ಮಾಡಿಕೊಳ್ಳುವ ಮಾತಲ್ಲ ಅದು.

ಬಣ್ಣ ನೋಡುವುದಕ್ಕೆ ಒಂದು ನಿಮಿಷ ಸಾಕು. ಅಡಿಭಾಗ ನೋಡುವುದಕ್ಕೆ ಹತ್ತು ನಿಮಿಷ ಕೊಡಿ. ಒಂದು ನಾಣ್ಯ ಹಿಡಿದು ಮೂತಿಯಿಂದ ಬಾಲದವರೆಗೆ ಟಕ್ ಟಕ್ ಅಂತ ಬಡಿಯುತ್ತಾ ಹೋಗಿ. ಫೈಬರ್ ಗಟ್ಟಿ ಇದ್ದಲ್ಲಿ ಸದ್ದು ಚುರುಕಾಗಿ ಬರುತ್ತದೆ. ಪುಟ್ಟಿ ತುಂಬಿದ್ದರೆ, ಪದರ ಬಿಟ್ಟಿದ್ದರೆ ಮೊಂಡಾಗುತ್ತದೆ. ಹಿಂಭಾಗದ ಬಲಬದಿಯಲ್ಲಿ ಒಡಲಿನ ನಂಬರು ಕೊರೆದಿರುತ್ತಾರೆ. ಅದರ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಕಾಗದದಲ್ಲಿರುವ ನಂಬರಿಗೆ ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ಉಜ್ಜಿದ ಗುರುತು ಇದ್ದರೆ ಅಲ್ಲಿಂದಲೇ ವಾಪಸು ಹೊರಡಿ.

ಆಮೇಲೆ ಸೀಟು ಎತ್ತಿ, ಸುಮ್ನೆ ಮೂಗು ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡುವುದೇ ಬೇಡ. ಮುಚ್ಚಿದ ಒಡಲಿನೊಳಗೆ ಪೆಟ್ರೋಲ್ ಆವಿ ತುಂಬಿದ್ದರೆ ಒಂದು ಕಿಡಿ ಸಾಕು. ಇಷ್ಟು ವರ್ಷದ ಗಾಡಿಯಲ್ಲಿ ಪೆಟ್ರೋಲ್ ಪೈಪುಗಳನ್ನು ಮಡಚಿ ನೋಡಬೇಕು. ಗಟ್ಟಿಯಾಗಿದ್ದರೆ, ಬಿರುಕು ಕಂಡರೆ, ಬದಲಿಸುವ ಖರ್ಚನ್ನು ಆಗಲೇ ಲೆಕ್ಕಕ್ಕೆ ಹಿಡಿಯಿರಿ. ಬೋಲ್ಟ್‌ಗಳ ಬುಡದಲ್ಲಿ ಬಿಳಿ ಪುಡಿ ಇದ್ದರೆ ಗಾಡಿ ಉಪ್ಪು ನೀರಿನಲ್ಲಿ ಓಡಿದೆ, ತೊಳೆದಿಲ್ಲ ಎಂದರ್ಥ. ಹೊರಗಿನ ನೀರನ್ನೇ ಎಳೆದು ಎಂಜಿನ್ ತಣ್ಣಗಿಡುವ ಗಾಡಿಗಳಲ್ಲಿ ಆ ಉಪ್ಪು ಒಳಗಿನ ದಾರಿಗಳಲ್ಲೂ ಕೂತಿರುತ್ತದೆ. ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಯ ಮೇಲೆ ಒರೆಸಿ. ಆಯಿಲ್ ಕಪ್ಪಾಗಿದ್ದರೆ ಅಂಥ ಚಿಂತೆ ಇಲ್ಲ. ಬೆಳ್ಳಗಾಗಿದ್ದರೆ ನೀರು ಸೇರಿದೆ. ಹೊಳೆಯುವ ಕಣ ಕಂಡರೆ ಲೋಹ ಸವೆದಿದೆ.

ಮಾರುವವರು ಪೈಪಿನ ನೀರು ಹೇಗೆ ಕೊಡುತ್ತಾರೆ ಅಂತಲೂ ಗಮನಿಸಿ. ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಎಂಜಿನ್ ಓಡದೆ ನೀರು ಬಿಟ್ಟರೆ ಅದನ್ನು ಹೊರಗೆ ತಳ್ಳುವ ಹೊಗೆಯ ಒತ್ತಡ ಇರುವುದಿಲ್ಲ. ನೀರು ಹಿಂದಕ್ಕೆ ಹೋಗಿ ಸಿಲಿಂಡರ್ ಸೇರಬಹುದು. ಆವತ್ತು ನಾವು ನೋಡಿದ ಗಾಡಿಯ ಮಾಲೀಕರು ಮೊದಲು ನಳ್ಳಿ ತಿರುಗಿಸಿದರು. ಇಷ್ಟು ವರ್ಷ ಹೀಗೇ ಮಾಡುತ್ತಾ ಬಂದಿದ್ದಾರೆ ಅಂತ ನನಗೆ ಅಲ್ಲೇ ಗೊತ್ತಾಯಿತು. ಅವರನ್ನು ಬೈಯುವುದಕ್ಕೆ ಈ ಮಾತು ಹೇಳುತ್ತಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಪ್ಲಗ್ ಬಿಚ್ಚಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿ. ಆಕ್ಸಿಲರೇಟರ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ತುಂಬಿರಬೇಕು. ಸಿಲಿಂಡರ್‌ಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಒಳಗೆ ಏನೋ ಇದೆ.

ಈಗ ಸೂಪರ್‌ಚಾರ್ಜರ್ ವಿಷಯ. ಲೇಖನದಲ್ಲಿ ಇದರ ಹೆಸರೂ ಇರಲಿಲ್ಲ. 215 ಅಶ್ವಶಕ್ತಿಯ ಆ ಸೀ-ಡೂ ಎಂಜಿನ್‌ನಲ್ಲಿ ಇದನ್ನು ಗೇರ್ ತಿರುಗಿಸುತ್ತದೆ. ಎಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗಿದರೆ ಸೂಪರ್‌ಚಾರ್ಜರ್ 40 ಸಾವಿರಕ್ಕೂ ಜಾಸ್ತಿ ಸುತ್ತುತ್ತದೆ. ಗಾಡಿ ಅಲೆಯ ಮೇಲಿಂದ ಹಾರಿದಾಗ ಪಂಪಿಗೆ ನೀರು ಸಿಗದೆ ಎಂಜಿನ್ ಒಮ್ಮೆಲೇ ಏರುತ್ತದೆ, ಮತ್ತೆ ನೀರಿಗೆ ಬಿದ್ದಾಗ ಒಮ್ಮೆಲೇ ತಗ್ಗುತ್ತದೆ. ಆ ಏಟಿಗೆ ಗೇರ್ ಮುರಿಯದಿರಲಿ ಅಂತ ಜಾರುವ ಕ್ಲಚ್ ಒಂದನ್ನು ಕೊಟ್ಟಿದ್ದಾರೆ. ಮೊದಮೊದಲ ಮಾಡೆಲ್‌ಗಳಲ್ಲಿ ಆ ಕ್ಲಚ್ಚಿನ ವಾಷರ್‌ಗಳು ಸೆರಾಮಿಕ್‌ನವು. ಅವು ಒಡೆದರೆ ಚೂರುಗಳು ಆಯಿಲ್ ಜೊತೆ ಎಂಜಿನ್ ಒಳಗೆ ಹೋಗುತ್ತವೆ. ಆಮೇಲೆ ಲೋಹದ ವಾಷರ್ ಬಂದವು. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಸೂಪರ್‌ಚಾರ್ಜರ್ ಯಾವಾಗ ಬಿಚ್ಚಿ ರಿಪೇರಿ ಮಾಡಿಸಿದಿರಿ, ಯಾವ ವಾಷರ್ ಹಾಕಿಸಿದಿರಿ, ಬಿಲ್ ಇದೆಯಾ? ಬಿಲ್ ಇಲ್ಲದಿದ್ದರೆ ಆಗಿಲ್ಲ ಅಂತಲೇ ತಿಳಿದುಕೊಂಡು ಲೆಕ್ಕ ಹಾಕಿ.

ಮೀಟರಿನ ಗಂಟೆಗಿಂತ ಈ ಬಿಲ್ ನನಗೆ ಮುಖ್ಯ. 200 ಗಂಟೆ ಓಡಿ, ಪ್ರತಿ ಸಲ ತೊಳೆದು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿಕೊಂಡ ಗಾಡಿಯನ್ನು ನಾನು ಧೈರ್ಯವಾಗಿ ಕೊಳ್ಳುತ್ತೇನೆ. ಬರೀ 50 ಗಂಟೆ ಓಡಿ ಹತ್ತು ವರ್ಷ ಮೂಲೆಯಲ್ಲಿ ನಿಂತ ಗಾಡಿಯಲ್ಲಿ ರಬ್ಬರ್, ಸೀಲ್, ಪೆಟ್ರೋಲ್ ಪೈಪ್ ಎಲ್ಲ ಕೂತಲ್ಲೇ ಹಾಳಾಗಿರುತ್ತವೆ. ಡ್ಯಾಷ್‌ಬೋರ್ಡಿನ ಮೀಟರ್ ಬದಲಾಗಿರಲೂಬಹುದು. ಎಂಜಿನ್‌ನ ಕಂಪ್ಯೂಟರಿಗೆ ಯಂತ್ರ ಜೋಡಿಸಿ ಓದುವವರು ಇದ್ದಾರೆ, ಅವರಿಂದ ಓದಿಸಿ.

ಪಂಪನ್ನು ಬಗ್ಗಿ ನೋಡಬೇಕು. ಮೊದಲು ಕಿಲ್ ಸ್ವಿಚ್ಚಿನ (ಕಿತ್ತರೆ ಎಂಜಿನ್ ನಿಲ್ಲಿಸುವ ಸ್ವಿಚ್) ಹಗ್ಗ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಗಾಡಿಯ ಕೆಳಗೆ ಮಲಗಿ, ನೀರು ಎಳೆಯುವ ಜಾಲರಿಯ ಸಂದಿಯಿಂದ ಟಾರ್ಚ್ ಬಿಡಿ. ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಚಕ್ರದ ರೆಕ್ಕೆಗಳ ಅಂಚು ನೇರವಾಗಿರಬೇಕು. ಕಲ್ಲು ಹೊಡೆದಿದ್ದರೆ ಅಂಚು ಹಲ್ಲುಹಲ್ಲಾಗಿ, ತುದಿ ಮಡಚಿಕೊಂಡಿರುತ್ತದೆ. ಇಂಪೆಲ್ಲರ್‌ಗೂ ಅದರ ಸುತ್ತಲಿನ ಬಳೆಯಂಥ ವೇರ್ ರಿಂಗಿಗೂ ನಡುವೆ ಕೂದಲೆಳೆಯಷ್ಟೇ ಸಂದು ಇರಬೇಕು. ಒಂದು ಮಿಲಿಮೀಟರ್‌ನಷ್ಟು ಅಗಲವಾಗಿದ್ದರೆ, ರಿಂಗಿನಲ್ಲಿ ಆಳವಾದ ಗೀರು ಬಿದ್ದಿದ್ದರೆ, ಎಷ್ಟು ಅಶ್ವಶಕ್ತಿ ಇದ್ದೂ ಪ್ರಯೋಜನ ಇಲ್ಲ.

ಇದೆಲ್ಲ ಆದ ಮೇಲೆ ನೀರು. ನಿಂತಲ್ಲಿಂದ ಪೂರ್ತಿ ಆಕ್ಸಿಲರೇಟರ್ ಕೊಡಿ. ಎಂಜಿನ್ ಏರುವುದೂ ಬೆನ್ನು ಹಿಂದಕ್ಕೆ ಎಳೆಯುವುದೂ ಒಟ್ಟಿಗೆ ಆಗಬೇಕು. ಸದ್ದು ಮೊದಲು ಕಿರುಚಿ, ಗಾಡಿ ಆಮೇಲೆ ಹೊರಟರೆ ಪಂಪಿನಲ್ಲಿ ನೀರು ಜಾರುತ್ತಿದೆ. ತೆರೆದ ಜಾಗ ನೋಡಿಕೊಂಡು ಪೂರ್ತಿ ವೇಗಕ್ಕೆ ಹೋಗಿ. ಕಂಪನಿ ಹೇಳಿದಷ್ಟು ಸುತ್ತು ಬರುತ್ತಿದೆಯಾ ಅಂತ ಮೀಟರ್ ನೋಡಿ. ಬರದಿದ್ದರೆ ಸೂಪರ್‌ಚಾರ್ಜರ್ ಕ್ಲಚ್ ಜಾರುತ್ತಿರಬಹುದು. ಹೊಸಬರಿಗೆ ಇನ್ನೊಂದು ಮಾತು. ಆಕ್ಸಿಲರೇಟರ್ ಬಿಟ್ಟರೆ ಈ ಗಾಡಿಗಳು ತಿರುಗುವುದೂ ಕಡಿಮೆಯಾಗುತ್ತದೆ. ಹಿಂದೆ ಚಿಮ್ಮುವ ನೀರೇ ಅವುಗಳ ಚುಕ್ಕಾಣಿ. ಏನಾದರೂ ಅಡ್ಡ ಬಂದಾಗ ಗಾಬರಿಯಿಂದ ಕೈ ಬಿಡುವವರೇ ಜಾಸ್ತಿ, ಆಗ ಗಾಡಿ ನೆಟ್ಟಗೆ ಹೋಗಿ ಹೊಡೆಯುತ್ತದೆ. ಅದಕ್ಕೇ ಪರೀಕ್ಷೆಗೆ ಹೋಗುವಾಗ ಲೈಫ್ ಜಾಕೆಟ್ ಇಲ್ಲದೆ, ಕಿಲ್ ಸ್ವಿಚ್ ಹಗ್ಗ ಮೈಗೆ ಸಿಕ್ಕಿಸಿಕೊಳ್ಳದೆ ಹತ್ತಬೇಡಿ.

ಹದಿನೈದು ನಿಮಿಷ ಓಡಿಸಿ ದಡಕ್ಕೆ ಬಂದು ಮತ್ತೆ ಸೀಟು ಎತ್ತಿ. ಒಳಗೆ ಒಣಗಿರಬೇಕು. ಆಯಿಲ್ ಇನ್ನೊಮ್ಮೆ ನೋಡಿ.

ಆವತ್ತಿನ ಗಾಡಿಯ ಮಾಲೀಕರು ನೀರಿಗೆ ಇಳಿಸಲು ಒಪ್ಪಲಿಲ್ಲ. "ಸ್ಟಾರ್ಟ್ ಮಾಡಿ ತೋರಿಸಿದೆನಲ್ಲ" ಅಂದರು. ನಾವು ಕೈಮುಗಿದು ಬಂದೆವು. ದಾರಿಯುದ್ದಕ್ಕೂ ಹುಡುಗನ ಮುಖ ಸಪ್ಪೆಯಾಗಿತ್ತು. ಅವನಿಗೆ ನನ್ನ ಮಗಳ ಆ ಪ್ರಶ್ನೆಯ ವಿಷಯ ಗೊತ್ತಿರಲಿಲ್ಲ. ಆವತ್ತು ಹೇಳಿದೆ.

ಮೊನ್ನೆ ಮತ್ತೆ ಫೋನ್ ಮಾಡಿದ್ದ. ಇನ್ನೊಂದು ಗಾಡಿ ಇದೆಯಂತೆ, 140 ಗಂಟೆ ಓಡಿದೆಯಂತೆ, ಬಿಲ್ ಎಲ್ಲ ಜೋಡಿಸಿಟ್ಟಿದ್ದಾರಂತೆ. ನೀರಿಗಿಳಿಸಿ ನೋಡಿ ಅಂತ ಮಾಲೀಕರೇ ಹೇಳಿದ್ದಾರೆ. ಸ್ಟಾರ್ಟ್ ಮಾಡದೆ ಇಟ್ಟಿರಿ ಅಂತ ಹೇಳಿಸಿದ್ದೇನೆ. ಭಾನುವಾರ ಬೆಳಿಗ್ಗೆ ಹೋಗುತ್ತಿದ್ದೇವೆ. ಮಗಳೂ ಬರುತ್ತೇನೆ ಅಂದಿದ್ದಾಳೆ.

ಇತಿ,
ನಿಮ್ಮ ಹಳೇ ಓದುಗ, ಒಬ್ಬ ದೋಣಿ ಎಂಜಿನ್ ಮೆಕ್ಯಾನಿಕ್