ತೆರೆಯಲು ಕಾಲು ಗಂಟೆ, ಮುಚ್ಚಲು ಎರಡೂವರೆ ತಿಂಗಳು

ಮಾನ್ಯ ಸಂಪಾದಕರೇ,

ನಾನು ತಿಪಟೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತು ಬೇಜಾರಾಗಿದ್ದಾಗ ತಂಗಿಯ ಮಗ ಮೊಬೈಲಿಗೆ ಒಂದು ಲಿಂಕ್ ಕಳಿಸಿದ. "ಮಾವ, ಒಂದು ಡಿಮ್ಯಾಟ್ ಅಕೌಂಟ್ ಮಾಡ್ಕೊಳ್ಳಿ, ನನಗೂ ರೆಫರಲ್ ದುಡ್ಡು ಬರುತ್ತೆ" ಅಂದ. ಡಿಮ್ಯಾಟ್ ಅಂದರೆ ಷೇರುಗಳನ್ನು ಕಾಗದವಿಲ್ಲದೆ ಕಂಪ್ಯೂಟರ್ ಲೆಕ್ಕದಲ್ಲಿ ಇಟ್ಟುಕೊಳ್ಳುವ ಖಾತೆ. ಆಧಾರ್ ಓಟಿಪಿ, ಪ್ಯಾನ್ ಫೋಟೊ, ಒಂದು ಸೆಲ್ಫಿ. ಸಹಿಯನ್ನು ಮೊಬೈಲ್ ಪರದೆಯ ಮೇಲೆ ಬೆರಳಿನಲ್ಲೇ ಗೀಚಿದೆ. ಕಾಲು ಗಂಟೆಯಲ್ಲಿ ಎಲ್ಲ ಮುಗಿದಿತ್ತು.

ಎರಡು ವರ್ಷ ಸ್ವಲ್ಪ ಷೇರು ತಗೊಂಡೆ, ಸ್ವಲ್ಪ ದುಡ್ಡು ಕಳ್ಕೊಂಡೆ. ಆಮೇಲೆ ಪಿಂಚಣಿ ಬರುವ ಬ್ಯಾಂಕಿನಲ್ಲೇ ಇನ್ನೊಂದು ಡಿಮ್ಯಾಟ್ ಖಾತೆ ತೆರೆದು, ಹಳೆಯ ಆಪ್ ಅಳಿಸಿ ಹಾಕಿದೆ. ಆಪ್ ಹೋದರೆ ಖಾತೆಯೂ ಹೋದಂತೆ ಅಂದುಕೊಂಡಿದ್ದೆ. ನನ್ನಂತೆ ಅಂದುಕೊಂಡವರು ನಮ್ಮ ಬೀದಿಯಲ್ಲೇ ನಾಲ್ಕೈದು ಜನ ಇದ್ದಾರೆ ಅನ್ನೋದು ಈಗ ಗೊತ್ತಾಯಿತು. ಆದರೆ ನಮ್ಮ ಷೇರುಗಳ ಲೆಕ್ಕ ಇರೋದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿ. ಆಪ್ ನಡೆಸುವ ಬ್ರೋಕರ್, ಅಂದರೆ ಷೇರು ಕೊಳ್ಳಲು ಮಾರಲು ನೆರವಾಗುವ ಕಂಪನಿ, ಅದರ ಏಜೆಂಟ್. ಆಪ್ ಅಳಿಸಿದರೂ ಖಾತೆ ಜೀವಂತವಾಗೇ ಇರುತ್ತದೆ, ವರ್ಷ ವರ್ಷ ನಿರ್ವಹಣಾ ಶುಲ್ಕ ಏರುತ್ತಲೇ ಇರುತ್ತದೆ. ಅದರ ಮೇಲೆ 18% ಜಿಎಸ್‌ಟಿ ಬೇರೆ.

ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಡಿಮ್ಯಾಟ್ ಖಾತೆಗಳ ಸಂಖ್ಯೆ ಏರಿದ ಸುದ್ದಿ ಆಗಾಗ ಬರುತ್ತದೆ. 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದದ್ದು 2023ರ ಆಗಸ್ಟ್‌ನಲ್ಲಿ 10 ಕೋಟಿ ದಾಟಿತು. ಓದಿ ನಾನೂ ಖುಷಿಪಟ್ಟಿದ್ದೆ. ಅದರಲ್ಲಿ ಎರಡು ನನ್ನವೇ, ಒಂದು ಸುಮ್ನೆ ಬಿದ್ದಿರೋದು ಅಂತ ಆಗ ಹೊಳೆದಿರಲಿಲ್ಲ!

ಕಳೆದ ವರ್ಷ ಬಾಕಿ ಕಟ್ಟಿ ಎಂದು ಹಳೆಯ ಬ್ರೋಕರ್‌ನಿಂದ ಇಮೇಲ್ ಬಂದಾಗಲೇ ಎಚ್ಚರವಾದದ್ದು. ಬಾಕಿ ಕಟ್ಟಿದೆ. ಖಾತೆ ಮುಚ್ಚೋಣ ಅಂತ ಆಪ್ ಮತ್ತೆ ಹಾಕಿಕೊಂಡು ಹುಡುಕಿದರೆ ಆ ಬಟನ್ ಎಲ್ಲೂ ಕಾಣಲಿಲ್ಲ. ಹೊಸ ಖಾತೆ ತೆರೆಯಿರಿ, ಸ್ನೇಹಿತರನ್ನು ಕರೆತನ್ನಿ ಅನ್ನೋದು ಮಾತ್ರ ಮೊದಲ ಪುಟದಲ್ಲೇ ಮಿಂಚುತ್ತಿತ್ತು. ಆನ್‌ಲೈನ್‌ನಲ್ಲೇ ಖಾತೆ ಮುಚ್ಚಲು ಡಿಪಾಸಿಟರಿಗಳು ಅವಕಾಶ ಕೊಟ್ಟಿವೆ. ಆದರೂ ಚಾಟ್‌ನಲ್ಲಿದ್ದ ಯಂತ್ರ ನನಗೆ ಕಳಿಸಿದ್ದು ಇಂಗ್ಲಿಷಿನ ಒಂದು ಫಾರ್ಮ್. ಪ್ರಿಂಟ್ ತೆಗೆದು, ಸಹಿ ಹಾಕಿ, ಕೊರಿಯರ್ ಮಾಡಬೇಕಂತೆ.

ಮಾಡಿದೆ. ಮೂರು ವಾರದ ನಂತರ ಉತ್ತರ ಬಂತು: ನಿಮ್ಮ ಸಹಿ ತಾಳೆಯಾಗುತ್ತಿಲ್ಲ. ಮೂವತ್ತು ವರ್ಷ ಹಾಜರಿ ಪುಸ್ತಕಕ್ಕೆ ಹಾಕಿದ ಸಹಿ ಸ್ವಾಮಿ ಅದು! ಅವರು ತಾಳೆ ನೋಡಿದ್ದು 2020ರಲ್ಲಿ ಬೆರಳಿನಲ್ಲಿ ಗೀಚಿದ್ದರ ಜೊತೆ. ಖಾತೆ ತೆರೆದಾಗ ಇಮೇಲ್‌ಗೆ ಬಂದಿದ್ದ ಅರ್ಜಿಯ ಪಿಡಿಎಫ್ ಹುಡುಕಿ ತೆಗೆದರೆ, ಅದರಲ್ಲಿತ್ತು ನನ್ನ ಸಹಿ, ಮಳೆಯಲ್ಲಿ ನೆನೆದ ಎರೆಹುಳುವಿನ ಥರ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಸಹಿಯನ್ನು ನಾನೇ ಖೋಟಾ ಮಾಡೋದು ಕಲಿತೆ. ಎರಡನೇ ಸಲ ಸಹಿ ಪಾಸಾಯಿತು.

ಆಮೇಲೆ ಇನ್ನೊಂದು ತೊಡಕು. ಖಾತೆಯಲ್ಲಿ ಒಂದು ಕಂಪನಿಯ ಹದಿನೈದು ಷೇರು ಉಳಿದಿದ್ದವು. ಅದರ ವಹಿವಾಟೇ ನಿಂತಿದೆ, ಮಾರೋಣ ಅಂದರೆ ಕೊಳ್ಳುವವರಿಲ್ಲ. ಒಂದೇ ಒಂದು ಷೇರು ಇದ್ದರೂ ಖಾತೆ ಮುಚ್ಚೋದಿಲ್ಲ. ಅವನ್ನು ಬ್ಯಾಂಕಿನ ಖಾತೆಗೆ ವರ್ಗಾಯಿಸಬೇಕಾಯಿತು. ಅದಕ್ಕೆ ಹೊಸ ಖಾತೆಯ ಸಿಎಂಆರ್, ಅಂದರೆ ನಮ್ಮ ಹೆಸರು, ಪ್ಯಾನ್, ಖಾತೆ ಸಂಖ್ಯೆ ಎಲ್ಲ ಇರುವ ಒಂದು ಹಾಳೆ, ಸೀಲು ಸಹಿ ಸಮೇತ ಬೇಕು. ಸಿಎಂಆರ್ ಅಂದ್ರೆ ಏನು ಅಂತ ಬ್ಯಾಂಕಿನ ಕೌಂಟರ್‌ನಲ್ಲಿದ್ದ ಹುಡುಗಿಗೇ ಗೊತ್ತಿರಲಿಲ್ಲ ಪಾಪ. ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು.

ಇಲ್ಲಿ ಎರಡು ವಿಷಯ ಬೇರೆಯವರಿಗೂ ಉಪಯೋಗವಾಗಬಹುದು. ಖಾತೆ ಮುಚ್ಚುವುದಕ್ಕೆ ಶುಲ್ಕವಿಲ್ಲ. ಎರಡೂ ಖಾತೆ ಒಬ್ಬರದೇ ಆಗಿದ್ದು, ಇರುವ ಷೇರನ್ನೆಲ್ಲ ಹೊಸದಕ್ಕೆ ವರ್ಗಾಯಿಸಿ ಹಳೆಯದನ್ನು ಮುಚ್ಚಿದರೆ ವರ್ಗಾವಣೆಗೂ ಶುಲ್ಕ ಹಾಕುವ ಹಾಗಿಲ್ಲ. ವರ್ಷದ ನಿರ್ವಹಣಾ ಶುಲ್ಕ ಮೊದಲೇ ಕಟ್ಟಿದ್ದರೆ, ಉಳಿದ ತ್ರೈಮಾಸಿಕಗಳ ಹಣ ವಾಪಸ್ ಕೊಡಬೇಕು. ಕೇಳದಿದ್ದರೆ ಯಾರೂ ತಾವಾಗಿ ಹೇಳೋದಿಲ್ಲ. ಇನ್ನೊಂದು, ಹಾಗೆ ವರ್ಗಾಯಿಸಿದ್ದು ಮಾರಾಟ ಅಲ್ಲ, ತೆರಿಗೆ ಬರೋದಿಲ್ಲ. ಆದರೆ ಯಾವ ದಿನ, ಎಷ್ಟಕ್ಕೆ ಕೊಂಡಿದ್ದು ಅನ್ನೋದು ಹೊಸ ಬ್ರೋಕರ್‌ಗೆ ತಾನಾಗಿ ಗೊತ್ತಾಗೋದಿಲ್ಲ. ಹಾಗಾಗಿ ಮುಚ್ಚುವ ಮೊದಲೇ ಕಾಂಟ್ರಾಕ್ಟ್ ನೋಟ್ (ಕೊಂಡು ಮಾರಿದ್ದರ ಚೀಟಿ), ಲೆಡ್ಜರ್ (ಹಣದ ಲೆಕ್ಕ), ಲಾಭ ನಷ್ಟದ ಪಟ್ಟಿ ಎಲ್ಲ ಇಳಿಸಿಕೊಂಡಿರಬೇಕು. ಲಾಗಿನ್ ನಿಂತ ಮೇಲೆ ಅವಕ್ಕಾಗಿ ಅಲೆಯಬೇಕಾಗುತ್ತದೆ. ಎಸ್‌ಐಪಿ, ಅಂದರೆ ಕಂತು ಕಂತಾಗಿ ಹೂಡುವ ದುಡ್ಡನ್ನು, ಬ್ಯಾಂಕಿನಿಂದ ಕತ್ತರಿಸಲು ಕೊಟ್ಟ ಆಟೊ ಡೆಬಿಟ್ ಒಪ್ಪಿಗೆಯನ್ನೂ ಬೇರೆಯಾಗಿ ರದ್ದು ಮಾಡಬೇಕು.

ಇಷ್ಟು ಕಷ್ಟ ಯಾಕೆ, ಹಾಗೇ ಬಿಟ್ಟರೆ ಏನಾಗುತ್ತೆ ಅಂತ ನನ್ನ ಹೆಂಡತಿ ಕೇಳಿದಳು. ಆಗುತ್ತೆ. ಸಣ್ಣ ಹೂಡಿಕೆದಾರರಿಗೆ ಬಿಎಸ್‌ಡಿಎ ಎಂಬ ಖಾತೆ ಇದೆ. 2024ರ ಸೆಪ್ಟೆಂಬರ್ 1ರಿಂದ ಅದರಲ್ಲಿ 4 ಲಕ್ಷ ರೂಪಾಯಿವರೆಗಿನ ಹೂಡಿಕೆಗೆ ನಿರ್ವಹಣಾ ಶುಲ್ಕವೇ ಇಲ್ಲ, 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. ಆದರೆ ನಮ್ಮ ಹೆಸರಲ್ಲಿ ಒಂದೇ ಡಿಮ್ಯಾಟ್ ಖಾತೆ ಇರಬೇಕು. ಅಂದರೆ ನಾನು ಮರೆತ ಆ ಖಾತೆ ತಾನೂ ದುಡ್ಡು ತಿಂತು, ಬ್ಯಾಂಕಿನ ಖಾತೆಯ ರಿಯಾಯಿತಿಯನ್ನೂ ತಪ್ಪಿಸಿತು. ನಿಮ್ಮ ಹೆಸರಲ್ಲಿ ಎಷ್ಟು ಖಾತೆ ಇವೆ ಅಂತ ಅನುಮಾನ ಇದ್ದರೆ, ಡಿಪಾಸಿಟರಿಯಿಂದ ಇಮೇಲ್‌ಗೆ ಬರುವ ಸಿಎಎಸ್ ಪಟ್ಟಿ ತೆಗೆದು ನೋಡಿ. ಪ್ಯಾನ್ ಆಧಾರದ ಮೇಲೆ ಎಲ್ಲ ಒಂದೇ ಕಡೆ ಸಿಗುತ್ತದೆ.

ನನ್ನ ಖಾತೆ ಕೊನೆಗೆ ಮುಚ್ಚಿದ್ದು ದೂರು ಕೊಟ್ಟ ಮೇಲೆ. ಮೊದಲು ಬ್ರೋಕರ್‌ನ ದೂರು ವಿಭಾಗಕ್ಕೆ ಬರೆದೆ, ಸರಿಯಾದ ಉತ್ತರ ಬರಲಿಲ್ಲ. ನಂತರ ಷೇರುಪೇಟೆಯ ನಿಯಂತ್ರಕ ಸೆಬಿಯ ಸ್ಕೋರ್ಸ್ ಎಂಬ ದೂರು ಜಾಲತಾಣದಲ್ಲಿ ದೂರು ಹಾಕಿದೆ. ಅಲ್ಲಿ ಕಂಪನಿ 21 ದಿನದೊಳಗೆ ಉತ್ತರ ಕೊಡಬೇಕು. ನನಗೆ ಐದನೇ ದಿನಕ್ಕೇ ಫೋನ್ ಬಂತು, ಅದೂ ಕನ್ನಡದಲ್ಲಿ! ಒಟ್ಟು ಎರಡೂವರೆ ತಿಂಗಳು.

ನಮ್ಮೂರ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಚುಕ್ತಾ ಮಾಡ್ಬೇಕು ಅಂದರೆ ಸಾಹುಕಾರರು ಅಲ್ಲೇ ಪುಸ್ತಕ ಬಿಚ್ಚಿ, ಕೂಡಿ ಕಳೆದು, ಗೆರೆ ಎಳೆಯುತ್ತಾರೆ. ಬಾ ಅಂತ ಕರೆದಷ್ಟೇ ಸಲೀಸಾಗಿ ಹೋಗಿ ಬಾ ಅಂತಲೂ ಅನ್ನುತ್ತಾರೆ. ಆನ್‌ಲೈನ್ ಕಂಪನಿಗಳಿಗೆ ಇದು ಆಗದ ಕೆಲಸವಾ? 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ತಡೆಯಲು ಮಾರ್ಗಸೂಚಿ ತಂದಿತು. ಗ್ರಾಹಕರನ್ನು ಸಿಕ್ಕಿಸುವ 13 ಬಗೆಯ ತಂತ್ರಗಳ ಪಟ್ಟಿ ಅದರಲ್ಲಿದೆ. ಚಂದಾ ರದ್ದು ಮಾಡುವ ದಾರಿಯನ್ನು ಮರೆಮಾಚುವುದು, ಸುತ್ತುಬಳಸು ಮಾಡುವುದು ಅದರಲ್ಲೊಂದು. ಡಿಮ್ಯಾಟ್ ಖಾತೆ ಚಂದಾ ಅಲ್ಲ ಅಂತ ವಕೀಲರು ವಾದಿಸಬಹುದು. ವರ್ಷ ವರ್ಷ ದುಡ್ಡು ಕಟ್ಟುವ ನನಗೆ ವ್ಯತ್ಯಾಸ ಕಾಣಲಿಲ್ಲ.

ದೇಶದ ದೊಡ್ಡ ಡಿಸ್ಕೌಂಟ್ (ಕಡಿಮೆ ಶುಲ್ಕದ) ಬ್ರೋಕರ್‌ಗಳಲ್ಲಿ ಕೆಲವು ನಮ್ಮ ಬೆಂಗಳೂರಿನವೇ. ಅವೂ ಸೇರಿದಂತೆ ಎಲ್ಲರಿಗೂ ಸೆಬಿ ಒಂದು ಮಾತು ಹೇಳಲಿ: ಯಾವ ಪುಟದಲ್ಲಿ ಖಾತೆ ತೆರೆಯುವ ಬಟನ್ ಇದೆಯೋ ಅದೇ ಪುಟದಲ್ಲಿ ಮುಚ್ಚುವುದೂ ಇರಲಿ, ಆಧಾರ್ ಓಟಿಪಿಯಲ್ಲಿ ತೆರೆದ ಖಾತೆ ಆಧಾರ್ ಓಟಿಪಿಯಲ್ಲೇ ಮುಚ್ಚಲಿ, ಫಾರ್ಮ್ ಕನ್ನಡದಲ್ಲೂ ಸಿಗಲಿ. ತಂಗಿಯ ಮಗ ನನ್ನ ಹೆಂಡತಿಗೂ ಅದೇ ಲಿಂಕ್ ಕಳಿಸಿದ್ದ. ಅವಳ ಖಾತೆ ಇನ್ನೂ ಹಾಗೇ ಇದೆ. ಈ ವಾರ ಅವಳ ಪಿಡಿಎಫ್ ಹುಡುಕಬೇಕು.

ಇತಿ ನಿಮ್ಮ ಓದುಗ,
ನಿವೃತ್ತ ಶಿಕ್ಷಕ, ತಿಪಟೂರು