ಯಾವ ಹರಿಕೇನ್, ಮಗಳೇ?

ಜೀವನ್ ಭೀಮಾ ನಗರ, ಬೆಂಗಳೂರು
ಭಾನುವಾರ ಮಧ್ಯಾಹ್ನ

ಪುಟ್ಟಿ,

ನೀನು ಕಟ್ಟುತ್ತಿರುವ ಹರಿಕೇನ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ಲಿನ ಫೋಟೋ, ಪುಣೆಯಿಂದ ಕಳಿಸಿದ್ದು, ನೋಡಿದೆ. ಒಡಲಿನ ಎರಡು ಹೋಳೂ ಕೂಡಿಸಿ ಆಗಿದೆ, ರೆಕ್ಕೆ ಇನ್ನೂ ಬಿಡಿಭಾಗಗಳ ಚೌಕಟ್ಟಾದ ಸ್ಪ್ರೂನಲ್ಲೇ ನೇತಾಡುತ್ತಿದೆ, ಹಿಂದುಗಡೆ ತೊಳೆಯದ ಮ್ಯಾಗಿ ತಟ್ಟೆ. "ಅಮ್ಮಾ, ಮುಂದೇನು?" ಅಂತ ಕೇಳಿದ್ದೀಯ. ವಾಟ್ಸಾಪಿನಲ್ಲಿ ಬರೆಯಹೊರಟರೆ ನನ್ನ ಹೆಬ್ಬೆರಳು ನೋಯುತ್ತೆ. ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ, ಹ್ಞೂಂ" ಅಂದುಕೊಂಡೇ ಮರೆಯುತ್ತೀಯ. ಅದಕ್ಕೇ ಕಾಗದ. ಓದಿ ಮೇಜಿನ ಎದುರು ಗೋಡೆಗೆ ಅಂಟಿಸಿಕೋ.

ಮುಂದೇನು ಅನ್ನುವುದಕ್ಕೆ ಮೊದಲು ನನ್ನದೊಂದು ಪ್ರಶ್ನೆ. ಅದು ಯಾವ ಹರಿಕೇನ್? "ರೆವೆಲ್, 1/72, ಮಾರ್ಕ್ 2ಸಿ" ಅನ್ನಬೇಡ, ಕಿಟ್ಟಿನ ಕಂಪನಿ, ಅಳತೆ, ಮಾದರಿ ಅಷ್ಟು ಡಬ್ಬಿಯ ಮೇಲೇ ಅಚ್ಚಾಗಿದೆ. ಯಾವ ಸ್ಕ್ವಾಡ್ರನ್ನಿನದು, ಯಾವ ಇಸವಿಯದ್ದು, ಯಾವ ಊರಿನ ರನ್‌ವೇ ಪಕ್ಕ ನಿಂತಿದ್ದದ್ದು, ಬಾಲದ ಮುಂದೆ ಬರೆದಿದ್ದ ನಂಬರ್ ಯಾವುದು? ಹರಿಕೇನ್‌ಗಳನ್ನು 14,000ಕ್ಕೂ ಹೆಚ್ಚು ಕಟ್ಟಿದ್ದಾರೆ. ನಿನ್ನ ಮೇಜಿನ ಮೇಲಿರುವುದು ಅಷ್ಟರಲ್ಲಿ ಒಂದು. ಯಾವುದು ಅಂತ ಗೊತ್ತಾಗುವ ತನಕ ಬಣ್ಣದ ಡಬ್ಬಿ ತೆಗೆಯಬೇಡ.

ಈ ಮಾತು ನನಗೆ ಬಂದದ್ದು ನಿನ್ನ ತಾತನಿಂದ. ಇಲ್ಲಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಶೀಟ್ ಮೆಟಲ್ ಶಾಪಿನಲ್ಲಿ ಆಯುಸ್ಸು ಕಳೆದವರು ಅವರು. "ಭಾಗ ಜೋಡಿಸುವ ಒಂದೇ ಜಿಗ್‌ನಿಂದ ಇಳಿದರೂ ಎರಡು ವಿಮಾನ ಒಂದೇ ಥರ ಇರಲ್ಲಮ್ಮ. ಇದರ ಮುಚ್ಚಳ ಬಿಚ್ಚಿ ಅದಕ್ಕೆ ಹಾಕೋಕೆ ಹೋಗು, ಕೂರಲ್ಲ, ಅರ ಹಾಕಿ ಉಜ್ಜಬೇಕು" ಅನ್ನುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಕಟ್ಟಿದ ಒಂದು ಹಳೇ ಕಿಟ್ಟನ್ನು ಬೆಳಕಿಗೆ ಹಿಡಿದು ನೋಡಿ ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಆ ಕಾಲದ ಕಿಟ್‌ಗಳಲ್ಲಿ ರಿವೆಟ್ಟುಗಳು, ಅಂದರೆ ತಗಡು ಜೋಡಿಸುವ ಮೊಳೆಗಳು, ಉಬ್ಬಿಕೊಂಡಿರುತ್ತಿದ್ದವು. ಅಪ್ಪ ಸ್ಕೇಲ್ ಇಟ್ಟು ಅಳೆದು, ಪೇಪರ್ ಅಂಚಿನಲ್ಲಿ ಗುಣಿಸಿ ತೋರಿಸಿದರು. ಕಿಟ್ಟಿನ ಮೇಲೆ 0.3 ಮಿ.ಮೀ. ಇರುವ ರಿವೆಟ್ಟು ನಿಜವಾದ ವಿಮಾನದಲ್ಲಿ ಎರಡು ಸೆಂಟಿಮೀಟರ್ ದಾಟುತ್ತೆ. "ಇಷ್ಟು ದಪ್ಪ ತಲೆಯ ರಿವೆಟ್ಟು ಹೊಡೆದಿದ್ದರೆ ನಮ್ಮ ಫೋರ್‌ಮನ್ ನನ್ನನ್ನು ಗೇಟಿನಾಚೆ ಕಳಿಸುತ್ತಿದ್ದ" ಅಂದರು.

ಈ ಗುಣಾಕಾರ ನೀನೂ ರೂಢಿ ಮಾಡಿಕೋ. 1/72 ಅಂದರೆ ಆರಡಿ ಮನುಷ್ಯ ಒಂದಿಂಚು. ನಿನ್ನ ಹರಿಕೇನಿನ ರೆಕ್ಕೆಯಗಲ ನಿಜದಲ್ಲಿ 12.19 ಮೀಟರ್, ನಿನ್ನ ಕೈಯಲ್ಲಿ ಹದಿನೇಳು ಸೆಂಟಿಮೀಟರಿಗೆ ಒಂಚೂರು ಕಮ್ಮಿ. ಈಗಿನ ಕಿಟ್‌ಗಳಲ್ಲಿ ರಿವೆಟ್ಟಿನ ಬದಲು ತಗಡು ತಗಡು ಸೇರುವ ಪ್ಯಾನೆಲ್ ಗೆರೆ ಕೊರೆದಿರುತ್ತಾರೆ, ಎಲ್ಲರೂ ಅದರೊಳಗೆ ತೆಳು ಕಪ್ಪು ಬಣ್ಣದ ವಾಶ್ ಇಳಿಸಿ ಎದ್ದು ಕಾಣಿಸುತ್ತಾರೆ. 0.2 ಮಿ.ಮೀ. ಗೆರೆಯನ್ನು 72ರಿಂದ ಗುಣಿಸು. ಹದಿನಾಲ್ಕು ಮಿಲಿಮೀಟರ್! ನಿಜವಾದ ವಿಮಾನದ ಮೈಮೇಲೆ ಅಂಥ ಸಂದಿದ್ದರೆ ಬೆರಳು ತೂರಿಸಬಹುದು. ಅದನ್ನು ಇನ್ನೂ ಕಪ್ಪು ಮಾಡಿ ಊರಿಗೆಲ್ಲ ಸಾರುವುದೇಕೆ? ಪ್ರದರ್ಶನಗಳಲ್ಲಿ ಬಹುಮಾನ ಹೊಡೆಯುವ ಮಾಡೆಲ್‌ಗಳೂ ಹೀಗೇ ಇರುತ್ತವೆ ಅಂತ ನೀನು ವಾದಿಸಬಹುದು. ಇರಲಿ. ನನಗೆ ಅವು ಹಿಡಿಸುವುದಿಲ್ಲ.

ಅದರಲ್ಲೂ ಹರಿಕೇನ್ ವಿಷಯದಲ್ಲಿ ಇದನ್ನು ಗಮನವಿಟ್ಟು ನೋಡು. ನಿನ್ನ ಮಾಡೆಲ್ಲಿನಲ್ಲಿ ಪೈಲಟ್ ಕೂರುವ ಜಾಗದಿಂದ ಹಿಂದಕ್ಕೆ ಬೆರಳಾಡಿಸು. ಉದ್ದುದ್ದ ಏಣುಗಳು ಸಿಗುತ್ತವೆ. ಅಲ್ಲಿಂದ ಹಿಂದಕ್ಕೆ ಅದು ತಗಡಲ್ಲ, ಬಟ್ಟೆ. ಒಳಗೆ ಲೋಹದ ಕೊಳವೆಗಳ ಚೌಕಟ್ಟು, ಅದರ ಸುತ್ತ ಮರದ ಪಟ್ಟಿಗಳು, ಅದರ ಮೇಲೆ ಬಿಗಿದು ಕಟ್ಟಿ, ಬಟ್ಟೆ ಗಟ್ಟಿಯಾಗಿಸುವ ಡೋಪ್ ಬಳಿದ ಬಟ್ಟೆ. ಮೂಗಿನ ಕಡೆ ಮಾತ್ರ ಲೋಹ. ಮಾರ್ಕ್ 2ರ ಹೊತ್ತಿಗೆ ರೆಕ್ಕೆಗೂ ಲೋಹದ ಹೊದಿಕೆ ಬಂದಿತ್ತು, ಆದರೆ ಬಾಲದ ರಡ್ಡರ್, ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಪಟ್ಟಿ, ಬಟ್ಟೆಯದ್ದೇ. ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ. ಹಳೇ ವಿಮಾನ ಅಂದ ತಕ್ಷಣ ಬ್ರಷ್ಷಿನ ತುದಿಗೆ ಬೆಳ್ಳಿ ಬಣ್ಣ ತಗೊಂಡು ಮೂಗಿನಿಂದ ಬಾಲದ ತನಕ ಬಣ್ಣ ಎದ್ದುಹೋದ ಹಾಗೆ ಚುಕ್ಕೆ ಇಡುತ್ತಾರೆ. ಬಟ್ಟೆ ಸವೆದರೆ ಬೆಳ್ಳಿ ಎಲ್ಲಿಂದ ಬರಬೇಕು? ನೀನು ರೆಕ್ಕೆಯ ಬುಡದಲ್ಲಿ, ಮೆಕ್ಯಾನಿಕ್‌ಗಳು ಬೂಟುಗಾಲಿಟ್ಟು ಹತ್ತುವ ಕಡೆ ಹಚ್ಚು, ಎಂಜಿನ್ ಮುಚ್ಚಳದ ಅಂಚಿಗೆ ಹಚ್ಚು. ಕಾಕ್‌ಪಿಟ್ಟಿನ ಹಿಂದೆ ಕೈ ಕಟ್ಟಿಕೊಂಡು ಕೂರು.

ಇನ್ನು ಯಾವ ಹರಿಕೇನ್ ಅನ್ನುವುದಕ್ಕೆ ಬರುತ್ತೇನೆ. ನಿನಗಿಷ್ಟವಾದರೆ ನಮ್ಮವರದ್ದನ್ನೇ ಕಟ್ಟಬಹುದು. 1944ರಲ್ಲಿ ಜಪಾನಿನ ಸೇನೆ ಇಂಫಾಲಿಗೆ ಮುತ್ತಿಗೆ ಹಾಕಿದಾಗ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ ಅಲ್ಲಿ ಹರಿಕೇನ್ ಹಾರಿಸುತ್ತಿತ್ತು. ಅದರ ಮುಖ್ಯಸ್ಥರು ಅರ್ಜನ್ ಸಿಂಗ್, ಮುಂದೆ 1965ರ ಯುದ್ಧದಲ್ಲಿ ವಾಯುಪಡೆಯನ್ನೇ ನಡೆಸಿದವರು. ನೀನು ಈ ದಾರಿ ಹಿಡಿದರೆ ಕಿಟ್ಟಿನ ಡಬ್ಬಿ ಮೇಲಿನ ಚಿತ್ರ ಉಪಯೋಗಕ್ಕೆ ಬರುವುದಿಲ್ಲ. ಬ್ರಿಟಿಷ್ ವಿಮಾನಗಳ ವೃತ್ತದ ಗುರುತಿನ ನಡುವೆ ಕೆಂಪು ಬೊಟ್ಟು ಇರುತ್ತಲ್ಲ, ಅದನ್ನು 1943ರಲ್ಲಿ ಈ ಭಾಗದ ವಿಮಾನಗಳಿಂದ ತೆಗೆದುಹಾಕಿದ್ದರು. ಜಪಾನಿನವರ ಗುರುತೂ ಕೆಂಪು ವೃತ್ತವೇ. ಅವಸರದಲ್ಲಿ ಕೆಂಪು ಕಂಡವರು ತಮ್ಮವರ ಮೇಲೇ ಗುಂಡು ಹಾರಿಸಬಾರದಲ್ಲ. ಹಾಗಾಗಿ ಕಡುನೀಲಿಯ ಒಳಗೆ ತಿಳಿನೀಲಿ, ಅಷ್ಟೆ. ಆ ಗುರುತಿನ ಡೆಕಾಲ್, ಅಂದರೆ ನೀರಿನಲ್ಲಿ ಅದ್ದಿ ಕೂರಿಸುವ ಅಚ್ಚಿನ ಚಿತ್ರ, ಬೇರೆಯೇ ತರಿಸಬೇಕಾಗುತ್ತೆ.

ಅದೂ ಸಾಲದು. ಇಂಫಾಲಿನ ಕದನ ಮಾರ್ಚಿನಿಂದ ಜುಲೈವರೆಗೂ ಎಳೆಯಿತು. ನಿನ್ನ ವಿಮಾನ ಮಾರ್ಚಿನದ್ದಾದರೆ ಟೈರಿಗೆ ಧೂಳು, ಜೂನಿನದ್ದಾದರೆ ಕೆಸರು. ತೀರ್ಮಾನ ನಿನ್ನದು, ಆದರೆ ತೀರ್ಮಾನ ಮಾಡಿದ ಮೇಲೆ ಅದಕ್ಕೇ ಬದ್ಧಳಾಗಿರು. ನಂಬರ್ ಕಾಣುವ ಒಂದು ಹಳೇ ಫೋಟೋ ಸಿಕ್ಕರೆ ಆಹಾ, ಆಮೇಲೆ ಪುಸ್ತಕ ಬದಿಗಿಟ್ಟು ಆ ಫೋಟೋವನ್ನೇ ನೋಡು.

ಸರಿ, ಈಗ ಕೈಕೆಲಸ. ಆ ಎರಡು ಹೋಳಿನ ನಡುವಿನ ಗೆರೆ ಬಗ್ಗೆ ಚಿಂತೆ ಬೇಡ. ಪ್ಲಾಸ್ಟಿಕ್ ಕಿಟ್ಟಿನ ತೆಳು ಗ್ಲೂ ಫೆವಿಕಾಲಿನ ಥರ ಅಂಟಿಸುವುದಿಲ್ಲ, ಪಾಲಿಸ್ಟೈರೀನನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತೆ. ಬ್ರಷ್ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿದುಹೋಗುತ್ತೆ. ಕರಗಿದ್ದು ಪೂರ್ತಿ ಗಟ್ಟಿಯಾಗುವ ಮೊದಲೇ ಉಜ್ಜಿದರೆ ಆ ಜಾಗ ಆಮೇಲೆ ತಗ್ಗಿ, ಬಣ್ಣ ಹಚ್ಚಿದ ಮೇಲೆ ಗೆರೆ ಮತ್ತೆ ಮೂಡುತ್ತೆ. ಆದ್ದರಿಂದ ನಾಳೆ ಸಂಜೆವರೆಗೂ ಮುಟ್ಟಬೇಡ. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಎಮರಿ ಶೀಟ್, 800ರ ತರಿಯದ್ದು, ಅದಾದ ಮೇಲೆ ಇನ್ನೂ ನಯದ 1200, ಎರಡನ್ನೂ ನೀರಿನಲ್ಲಿ ಅದ್ದಿ. ಬಟ್ಟೆಯ ಏಣುಗಳನ್ನು ತಿಕ್ಕಿ ಬೋಳಿಸಿಬಿಡಬೇಡ ಮತ್ತೆ.

ಕಾಕ್‌ಪಿಟ್ಟಿನ ಗಾಜಿಗೆ ಫೆವಿಕ್ವಿಕ್ ತೋರಿಸಲೂ ಬೇಡ, ಅದರ ಆವಿಗೆ ಗಾಜು ಮಂಜಾಗುತ್ತೆ. ಅಲ್ಲಿ ಫೆವಿಕಾಲೇ ಸರಿ. ಬಿಳಿಯಾಗಿ ಕಾಣುತ್ತೆ ಅಂತ ಗಾಬರಿಯಾಗಬೇಡ, ಒಣಗಿದಾಗ ತಿಳಿಯಾಗುತ್ತೆ. ಮಳೆ ಸುರಿಯುವ ದಿನ ಲ್ಯಾಕರ್ ಸ್ಪ್ರೇ ಮಾಡಬೇಡ, ಗಾಳಿಯ ತೇವಕ್ಕೆ ಬೂದಿ ಬಳಿದಂತೆ ಬೆಳ್ಳಗಾಗುತ್ತೆ. ಪುಣೆಯಲ್ಲಿ ಜುಲೈ ತಿಂಗಳು ಅಂದರೆ ಬರೀ ಉಜ್ಜುವ ತಿಂಗಳು ಅಂದುಕೋ.

ನನಗೆ ತುಂಬಾ ಇಷ್ಟದ ಕೆಲಸ ಡೆಕಾಲ್. ಮೊದಲು ಇಡೀ ಮೈಗೆ ಹೊಳಪಿನ ಗ್ಲಾಸ್ ಕೋಟ್ ಕೊಡು. ಮ್ಯಾಟ್ ಬಣ್ಣ ಕಣ್ಣಿಗೆ ನಯವಾಗಿ ಕಂಡರೂ ಅದರ ಮೈಯೆಲ್ಲ ತರಿತರಿ. ಅದರ ಮೇಲೇ ಡೆಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತೆ, ಸ್ಟಿಕ್ಕರ್ ಅಂಟಿಸಿದ್ದು ಅಂತ ಮೈಲಿ ದೂರಕ್ಕೇ ಗೊತ್ತಾಗುತ್ತೆ. ಒಂದೊಂದನ್ನೇ ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು ಟಿಶ್ಯೂ ಮೇಲಿಡು. ಅವಸರ ಮಾಡಿ ಕಾಗದದಿಂದ ಕೀಳಬೇಡ, ಬೆರಳಿಟ್ಟರೆ ತಾನೇ ಜಾರುವ ತನಕ ಕಾಯಿ. ವಿಮಾನದ ಮೈ ಒದ್ದೆ ಮಾಡಿ ಅದರ ಮೇಲೆ ಜಾರಿಸಿ, ಬ್ರಷ್ಷಿನಿಂದ ಜಾಗಕ್ಕೆ ತಳ್ಳು. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆ. ಅದರ ಮೇಲೆ ಮೈಕ್ರೋ ಸಾಲ್ ಅನ್ನುವ ದ್ರವ ಸವರಿದರೆ ಡೆಕಾಲ್ ಮೆತ್ತಗಾಗಿ ಸುಕ್ಕುಸುಕ್ಕಾಗುತ್ತೆ. ಆಗ ಎಲ್ಲರ ಕೈಯೂ ತಾನಾಗಿ ಸರಿಮಾಡಲು ಹೋಗುತ್ತೆ. ನೀನು ಎದ್ದುಹೋಗಿ ಆ ತಟ್ಟೆ ತೊಳೆದು ಬಾ. ಬರುವಷ್ಟರಲ್ಲಿ ಸುಕ್ಕೆಲ್ಲ ಇಳಿದು, ಬಟ್ಟೆಯ ಏಣುಗಳ ಮೇಲೆ ಏರಿಳಿದು, ಬಣ್ಣದಲ್ಲೇ ಬರೆದ ಹಾಗೆ ಕೂತಿರುತ್ತೆ. ಕೊನೆಗೆ ಮ್ಯಾಟ್ ಕೋಟ್.

ಮೊನ್ನೆ ನಮ್ಮ ಮಾರುತ್ ಜೆಟ್ ವಿಮಾನದ ಬಗ್ಗೆ ಕೇಳಿದ್ದೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕುರ್ಟ್ ಟ್ಯಾಂಕ್ ಅನ್ನುವ ಜರ್ಮನ್ ಎಂಜಿನಿಯರ್ ಎರಡನೇ ಮಹಾಯುದ್ಧದಲ್ಲಿ ಫೋಕೆ-ವುಲ್ಫ್ 190 ಯುದ್ಧವಿಮಾನ ಮಾಡಿದವನು. 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಎಚ್‌ಎಎಲ್‌ನವರ ಜೊತೆ ಎಚ್‌ಎಫ್-24 ಮಾರುತ್ ಮಾಡಿದ. ಅವನ ಜರ್ಮನ್ ವಿಮಾನವನ್ನು ಏರ್‌ಫಿಕ್ಸ್, ರೆವೆಲ್, ತಮಿಯಾ, ಹಾಸೆಗಾವಾ ಎಲ್ಲರೂ ಕಿಟ್ ಮಾಡಿದ್ದಾರೆ. ಅವನ ಬೆಂಗಳೂರಿನ ವಿಮಾನ ಬೇಕೆಂದರೆ ಹುಡುಕಿ ಹುಡುಕಿ ಸಾಕಾಗುತ್ತೆ. ಇದೊಂದು ನನಗೆ ಹೊಟ್ಟೆಯುರಿ. 1961ರ ಜೂನ್ 17ರಂದು ಅದನ್ನು ಮೊದಲ ಸಲ ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತ್ ಪರೀಕ್ಷೆ ಮಾಡುತ್ತಲೇ ತೀರಿಕೊಂಡರು. ನೀನು ಸ್ಕೂಟಿ ಕಲಿತದ್ದು, ಟ್ರಾಫಿಕ್ಕಿಗೆ ಬೈದದ್ದು ಎಲ್ಲ ಅವರ ಹೆಸರಿನ ರಸ್ತೆಯಲ್ಲೇ ಕಣೇ. ಕಿಟ್ಟಿಲ್ಲದಿದ್ದರೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೊದಲಿನಿಂದಲೇ ಮಾಡೋಣ. ಅಳತೆಗೆ, ಫೋಟೋಗೆ ಎಚ್‌ಎಎಲ್ ಮ್ಯೂಸಿಯಂನಲ್ಲೇ ಮಾರುತ್ ನಿಂತಿದೆ. ಗಾಲಿ ಕೋಣೆಯ ಒಳಗಡೆ, ಬಾಲದ ಎರಡು ಎಂಜಿನ್ ಬಾಯಿ, ನೆಲದಿಂದ ಎಷ್ಟು ಎತ್ತರಕ್ಕೆ ಕೂತಿದೆ ಅನ್ನುವುದು, ಇವೆಲ್ಲ ಪುಸ್ತಕದಲ್ಲಿ ಸಿಗಲ್ಲ, ಬಗ್ಗಿ ನೋಡಬೇಕು.

ನಿಮ್ಮಪ್ಪ ಎಂದಿನಂತೆ ನನ್ನ ಕಿಟ್ ಡಬ್ಬಿಗಳಿರುವ ಅಟ್ಟದ ಕಡೆ ಕೈ ತೋರಿಸಿ, "ಇರೋದನ್ನು ಕಟ್ಟೋಕೆ ಇನ್ನೊಂದು ಜನ್ಮ ಬೇಕು, ಮಗಳಿಗೂ ಈ ಹುಚ್ಚು ಹಿಡಿಸಿದೆಯಾ" ಅಂದರು. ಅವರಿಗೆ ಗೊತ್ತಿಲ್ಲ, ಕೊಳ್ಳುವುದು ಒಂದು ಹವ್ಯಾಸ, ಕಟ್ಟುವುದು ಇನ್ನೊಂದು. ಆದರೂ ನಿನ್ನ ಸಂಬಳಕ್ಕೆ ಒಂದು ಮುಗಿಸಿ ಒಂದು ಅನ್ನುವುದೇ ಒಳ್ಳೆಯದು. ಕಸ್ಟಮ್ಸ್ ಸುಂಕ ಸೇರಿದರೆ ಕಿಟ್ಟಿನ ಬೆಲೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಹೇಳಲಾಗದು. ಇದಕ್ಕಿಂತ ದೊಡ್ಡ ಅಳತೆಯ 1/48 ಕಡೆ ಈಗಲೇ ನೋಡಬೇಡ. ಜಾಗವೂ ಸಾಲುವುದಿಲ್ಲ, ದುಡ್ಡೂ.

ಅಟ್ಟದಲ್ಲಿರುವುದರಲ್ಲಿ ಒಂದನ್ನು ಮಾತ್ರ ಯಾರಿಗೂ ಕೊಡುವುದಿಲ್ಲ, ಅದು ಕ್ಯಾಟಲೈನಾ. ನೀರಿನ ಮೇಲೂ ಇಳಿಯುವ ವಿಮಾನ. ಯುದ್ಧದ ಕಾಲದಲ್ಲಿ ಎಚ್‌ಎಎಲ್‌ಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲೈನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಕೆರೆ ಸಮೇತ ಅದನ್ನು ಮಾಡಬೇಕು ಅಂತ ನನಗಾಸೆ. ಕೊಳಚೆ ಸೇರಿ ನೊರೆಯೆದ್ದ ಈಚಿನ ವರ್ಷಗಳ ಕೆರೆ ಮಾಡಬೇಕಾಗಿದ್ದರೆ ನೊರೆಗೆ ಹತ್ತಿ ತಂದರೆ ಮುಗಿಯುತ್ತಿತ್ತು. ಆಗಿನ ತಿಳಿನೀರಿಗೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ ಸುರಿಯಬೇಕು, ಅದಕ್ಕೆ ನಿನ್ನ ಕೈಯೂ ಬೇಕು.

ದಸರಾಗೆ ಬರುವಾಗ ಹರಿಕೇನನ್ನು ಜೊತೆಗೆ ತಾ. ಚಪ್ಪಲಿ ಡಬ್ಬಿಯೊಳಗೆ ಹತ್ತಿ ಬಟ್ಟೆ ಹಾಸಿ, ಪ್ರೊಪೆಲ್ಲರ್ ಬಿಚ್ಚಿ ಬೇರೆ ಕವರಿನಲ್ಲಿಟ್ಟುಕೋ, ಅದನ್ನು ಅಂಟಿಸಲೇಬೇಡ. ವಿಮಾನದಲ್ಲಿ ಬರುವುದಾದರೆ ಗ್ಲೂ, ಥಿನ್ನರ್, ಸ್ಪ್ರೇ ಯಾವುದನ್ನೂ ತರಬೇಡ. ಬೆಂಕಿ ಹತ್ತುವ ಸಾಮಾನು, ಏರ್‌ಪೋರ್ಟಿನಲ್ಲಿ ಕಿತ್ತಿಡುತ್ತಾರೆ. ಇಲ್ಲಿ ಎಲ್ಲವೂ ಇದೆ. ಬರುವ ಮೊದಲು ನಂಬರ್ ಯಾವುದು ಅಂತ ಬರೆ. ಆ ನೀಲಿ ಡೆಕಾಲನ್ನು ನಾನೇ ತರಿಸಿಡುತ್ತೇನೆ.

ಇಂತಿ,
ನಿನ್ನ ಅಮ್ಮ