ಮೊಂತಿ ಹಬ್ಬದ ದಿನ ಸಿಕ್ಕಿದ ಬಾಯಮ್ಮನಿಗೆ

ಸೆಪ್ಟೆಂಬರ್ 8, ಮೊಂತಿ ಹಬ್ಬ. ಕರಾವಳಿಯ ಕ್ರೈಸ್ತರಿಗೆ ಮೇರಿ ಮಾತೆಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಳಿದ ಅಮ್ಮ ತಲೆ ತಿರುಗಿ ಕೆಸರಲ್ಲೇ ಕುಸಿದರು. ಮಳೆ ಬೇರೆ. ನನಗೆ ಕೈಕಾಲೇ ಆಡಲಿಲ್ಲ.

ನೀವು ಮಿಲಾಗ್ರಿಸ್ ಇಗರ್ಜಿ (ಚರ್ಚ್) ಕಡೆ ಹೊರಟವರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಜಪಸರ. ಚರ್ಚಿನ ಬಲಿಪೂಜೆಗೆ ತಡವಾಗಿತ್ತೋ ಏನೋ, ಬೇಗ ಬೇಗ ನಡೆಯುತ್ತಿದ್ದಿರಿ. ಆದರೂ ನಿಂತಿರಿ. ರಿಕ್ಷಾ ಕರೆದು ನಮ್ಮ ಜೊತೆ ನೀವೂ ಹತ್ತಿದಿರಿ.

ಆಸ್ಪತ್ರೆ ಬೆಂಚಿನಲ್ಲಿ ಕೂತು, ನಿಮ್ಮ ಹಬ್ಬದ ಸೀರೆಯ ಸೆರಗನ್ನೇ ಒದ್ದೆ ಮಾಡಿ ಅಮ್ಮನ ಪಾದ ಒರೆಸಿದಿರಿ. ಬೆರಳ ಸಂದಿಯ ಕೆಸರನ್ನೂ ಬಿಡಲಿಲ್ಲ. ಬೇಡ ಬೇಡ ಎಂದೆ. "ಈಸ್ಟರ್ ಮುಂಚಿನ ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಜನರ ಪಾದ ತೊಳೀತಾರೆ. ನಂಗೆ ಇವತ್ತು ಒಬ್ಬರದ್ದು ಸಿಕ್ಕಿತು, ಅಷ್ಟೇ" ಎಂದು ನಕ್ಕಿರಿ. "ಪೂಜೆ ಸಂಜೆಗೂ ಉಂಟು."

ಮೊಬೈಲು ಎರಡು ಸಲ ರಿಂಗಾಯಿತು. "ನೀವು ಉಣ್ಣಿ" ಎಂದು ಇಟ್ಟುಬಿಟ್ಟಿರಿ. ಅದು ಸಣ್ಣ ಮಾತಲ್ಲ. ಆಶೀರ್ವಾದವಾದ ಹೊಸ ತೆನೆಯ ಕಾಳು ಹಾಲಿಗೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಮಾಡುವ ವರ್ಷಕ್ಕೊಂದೇ ಊಟ. ನಮ್ಮಲ್ಲೂ ಹೊಸ ತೆನೆ ಮನೆಗೆ ತಂದು ಕದಿರು ಕಟ್ಟುತ್ತಾರೆ, ಹಾಗಾಗಿ ಗೊತ್ತು. ಆ ಊಟ ನಿಮಗೆ ತಪ್ಪಿತು, ನಮ್ಮಿಂದ.

ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ. ಬರೀ ಬಾಯಮ್ಮ ಎಂದೇ ಕರೆದೆ. ಅಮ್ಮ ಈಗ ಹುಷಾರು. ಶುಗರ್ ಇಳಿದಿತ್ತಂತೆ, ಬೆಳಿಗ್ಗೆ ತಿಂಡಿ ಬಿಟ್ಟಿದ್ದಕ್ಕೆ. ಈಗ ಬಿಡುವುದಿಲ್ಲ, ನಾನು ಬಿಡಲು ಬಿಡುವುದೂ ಇಲ್ಲ.

ನಿಮ್ಮ ನೀಲಿ ಕೊಡೆ ನಮ್ಮಲ್ಲೇ ಉಳಿದಿದೆ. ಬಾಗಿದ್ದ ಒಂದು ಕಡ್ಡಿ ಸರಿ ಮಾಡಿಸಿದ್ದೇನೆ. ಬರುವ ಮೊಂತಿ ಹಬ್ಬಕ್ಕೆ, ಮಕ್ಕಳು ಹೂ ಹಿಡಿದು ಬರುವ ಹೊತ್ತಿಗೆ, ಇಗರ್ಜಿ ಗೇಟಿನ ಹತ್ತಿರ ಅಮ್ಮನೂ ನಾನೂ ಅದನ್ನೇ ಹಿಡಿದು ನಿಂತಿರುತ್ತೇವೆ.